ಗೊಮ್ಮಟಗಿರಿ: ಬಂಡೆಯೇ ಮೂರ್ತಿಯಾದ ಬಗೆ

ಗೊಮ್ಮಟಗಿರಿಯು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ ಬಿಳಿಕೆರೆಗೆ ಸಮೀಪದಲ್ಲಿರುವ ಜೈನ ಕ್ಷೇತ್ರ. ಸುತ್ತಲಿನ ಹೊಲಗಳ ನಡುವೆ ಸುಮಾರು 50 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವ ಬಂಡೆಯ ಗುಡ್ಡ ಇದು. ಶ್ರವಣಗುಡ್ಡ ಎಂಬ ಹೆಸರೂ ಇದಕ್ಕಿದೆ. ಗುಡ್ಡದ ನೆತ್ತಿಯಲ್ಲಿ ಸುಮಾರು 18 ಅಡಿ ಎತ್ತರದ ಬಾಹುಬಲಿಯ, ಅಂದರೆ ಗೊಮ್ಮಟನ, ಮೂರ್ತಿ ಬಯಲಿಗೆ ತೆರೆದುಕೊಂಡು ನಿಂತಿದೆ. ಗುಡ್ಡದ ಬಳಿ 24 ತೀರ್ಥಂಕರರ ಪಾದಗಳಿರುವ ಪುಟ್ಟ ಗುಡಿಗಳಿವೆ. ಇತಿಹಾಸಕಾರರು ಮೂರ್ತಿಯನ್ನು ವಿಜಯನಗರದ ಆರಂಭದ ಕಾಲಕ್ಕೆ ಸೇರಿಸುತ್ತಾರೆ. ಜನರ ಮಾತಿನಲ್ಲಿ ಅದು 700 ವರ್ಷ ಹಳೆಯದು. ಇಲ್ಲಿ ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ನಡೆಯುತ್ತದೆ. ಪ್ರವಾಸಿ ಕೈಪಿಡಿಗಳು ಇದನ್ನು ಶ್ರವಣಬೆಳಗೊಳದ ಕಿರಿಯ ಪ್ರತಿ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಹಾಗೆ ಮುಗಿಸುವುದು ಅನ್ಯಾಯ. ಬಾಮಿಯಾನ್, ಲೆಶಾನ್, ಗ್ವಾಲಿಯರ್, ಅವುಕನ ಮೊದಲಾದ ಕಡೆ ನೆಲದಿಂದ ಬೇರ್ಪಡಿಸದೆ ಬಂಡೆಯಲ್ಲೇ ಕಡೆದ ಮಹಾಮೂರ್ತಿಗಳಿವೆ. ಗೊಮ್ಮಟಗಿರಿಯನ್ನು ಆ ಸಾಲಿನಲ್ಲಿಟ್ಟು ನೋಡಿದರೆ, ಇಂಥ ಮೂರ್ತಿಯ ರೂಪವನ್ನು ತೀರ್ಮಾನಿಸುವುದು ಮತಕ್ಕಿಂತ ಹೆಚ್ಚಾಗಿ ಬಂಡೆ ಎಂಬುದು ಸ್ಪಷ್ಟವಾಗುತ್ತದೆ.

ಈ ಹೋಲಿಕೆಗೆ ಭೂಗೋಳವೇ ಅವಕಾಶ ಮಾಡಿಕೊಟ್ಟಿದೆ. ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯು ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳನ್ನು ದಾಟಿ ಬೈಲಕುಪ್ಪೆಯನ್ನು ಮುಟ್ಟುತ್ತದೆ. ಹಾದಿಯ ಆ ತುದಿಯಲ್ಲಿ ಕಣಶಿಲೆಯ (ಗ್ರಾನೈಟಿನ) ಗೊಮ್ಮಟ, ಈ ತುದಿಯಲ್ಲಿ ಟಿಬೆಟನ್ನರ ಚಿನ್ನದ ಬುದ್ಧ. ಕಂಪಲಾಪುರ ಎರಡರ ನಡುವೆ ಬರುವ ಊರು. ಅಲ್ಲಿನ ಶಾಲೆಯ ಮಕ್ಕಳು ಒಂದೇ ದಿನದ ಪ್ರವಾಸದಲ್ಲಿ ಎರಡನ್ನೂ ನೋಡಿ ಬರಬಹುದು. ಬುದ್ಧನ ಮಹಾಮೂರ್ತಿಗಳು ಏಷ್ಯಾದ ಬೆಟ್ಟಗಳ ಎದೆಯಲ್ಲೇ ಮೂಡಿರುವಾಗ, ಇಷ್ಟೊಂದು ಬಂಡೆಯಿರುವ ಕನ್ನಡ ನಾಡಿನಲ್ಲಿ ಅಂಥ ಒಂದೂ ಬುದ್ಧ ಏಕಿಲ್ಲ ಎಂಬ ಪ್ರಶ್ನೆ ಈ ಹಾದಿಯಲ್ಲಿ ಸಾಗುವವರಿಗೆ ಏಳುವುದು ಸಹಜ. ಉತ್ತರಕ್ಕೆ ಎರಡು ಭಾಗಗಳಿವೆ. ಒಂದು ಕಲ್ಲಿನದು, ಇನ್ನೊಂದು ಕಾಲದ್ದು. ಕಲ್ಲಿನ ಭಾಗವನ್ನು ಮೊದಲು ನೋಡುವುದು ಒಳ್ಳೆಯದು, ಏಕೆಂದರೆ ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯ ಎರಡು ಬುದ್ಧಮೂರ್ತಿಗಳು 55 ಮತ್ತು 38 ಮೀಟರ್ ಎತ್ತರ ಇದ್ದವು. ಅವುಗಳ ಗಾರೆಯಲ್ಲಿ ಸಿಕ್ಕ ಹುಲ್ಲು, ಮರದ ಚೂರುಗಳ ಕಾರ್ಬನ್ ಪರೀಕ್ಷೆಯಿಂದ ಚಿಕ್ಕದು 6ನೇ ಶತಮಾನದ ನಡುಭಾಗದ ನಂತರದ್ದು, ದೊಡ್ಡದು ಅದಕ್ಕೂ ಅರ್ಧ ಶತಮಾನ ಈಚಿನದು ಎಂದು ತಿಳಿದುಬಂದಿದೆ. ಸುಮಾರು 630ರಲ್ಲಿ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಅವನ್ನು ಕಂಡು ಬರೆದಿಟ್ಟಿದ್ದಾನೆ. ಇಲ್ಲಿ ಗಮನಿಸಬೇಕಾದದ್ದು ಎತ್ತರಕ್ಕಿಂತ ಕಟ್ಟಿದ ಬಗೆ. ಬಾಮಿಯಾನಿನ ಕಡಿದಾದ ಬಂಡೆಗೋಡೆ ಉರುಟುಗಲ್ಲು, ಮರಳು, ಮಣ್ಣು ಒಟ್ಟಿಗೆ ಗಟ್ಟಿಯಾಗಿ ಆದದ್ದು. ಅದರಲ್ಲಿ ಆಳವಾದ ಗೂಡನ್ನು ಕೊರೆಯುವುದು ಸುಲಭ. ಆದರೆ ಕಣ್ಣು, ತುಟಿ, ಬೆರಳಿನ ನಯ ಅದರಲ್ಲಿ ಮೂಡುವುದಿಲ್ಲ. ಹಾಗಾಗಿ ಶಿಲ್ಪಿಗಳು ಗೋಡೆಯಲ್ಲಿ ದೇಹದ ಒರಟು ಆಕಾರವನ್ನಷ್ಟೇ ಕೊರೆದು, ಅದರ ಮೇಲೆ ಹುಲ್ಲು ಬೆರೆಸಿದ ಮಣ್ಣಿನ ಗಾರೆಯನ್ನು ಮೆತ್ತಿ, ಬಣ್ಣ ಬಳಿದರು. ದೊಡ್ಡ ಮೂರ್ತಿಯ ಸಂಘಾಟಿಯ (ಮೇಲುಹೊದಿಕೆಯ) ನೆರಿಗೆಗಳಿಗಾಗಿ ಬಂಡೆಗೆ ಮರದ ಗೂಟ ಹೊಡೆದು, ಹಗ್ಗ ಬಿಗಿದು, ಹಗ್ಗದ ಸಾಲಿನ ಮೇಲೆ ಗಾರೆ ಹಚ್ಚಿದ್ದರು. ಗಾರೆ ಉದುರಿದ ಮೇಲೆ ಗೂಟದ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅಂದರೆ ಬಾಮಿಯಾನಿನ ಬುದ್ಧ ಅರ್ಧ ಕಲ್ಲು, ಅರ್ಧ ಮಣ್ಣು. ಬೆಟ್ಟದಿಂದ ಎಂದೂ ಪೂರ್ತಿ ಹೊರಬಾರದ, ಬೆಟ್ಟದ ಗೂಡಿನಲ್ಲೇ ಬೆನ್ನು ಆನಿಸಿ ನಿಂತ ಮೂರ್ತಿ.

ಚೀನಾದ ಸಿಚುವಾನ್ ಪ್ರಾಂತ್ಯದ ಲೆಶಾನ್ ಬುದ್ಧ ಇನ್ನೂ ದೊಡ್ಡದು. ಕುಳಿತ ಭಂಗಿಯಲ್ಲೇ ಅದು 71 ಮೀಟರ್ ಎತ್ತರ. ಮೂರು ನದಿಗಳು ಕೂಡುವಲ್ಲಿ ದೋಣಿಗಳು ಮುಳುಗುವುದನ್ನು ತಡೆಯಬೇಕೆಂದು ಹೈಟಾಂಗ್ ಎಂಬ ಭಿಕ್ಷು 713ರಲ್ಲಿ ಕೆಲಸ ಹಿಡಿಸಿದ. ಅವನ ಕಾಲ ಮುಗಿದು ಎಷ್ಟೋ ವರ್ಷಗಳ ಮೇಲೆ, 803ರಲ್ಲಿ ಮೂರ್ತಿ ಪೂರ್ಣವಾಯಿತು. ಕಲ್ಲು ಕೆಂಪು ಮರಳುಗಲ್ಲು. ಮೆದುವಾದ್ದರಿಂದ ಇಷ್ಟು ದೊಡ್ಡ ಕೆಲಸ ಸಾಧ್ಯವಾಯಿತು. ಮೆದುವಾದ್ದರಿಂದಲೇ ಮಳೆನೀರು ಅದನ್ನು ತಿನ್ನುತ್ತದೆ. ಅದನ್ನು ಕಡೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ತಲೆಯ ಸುರುಳಿಗೂದಲಿನ ಸಾಲುಗಳ ನಡುವೆ, ಕಿವಿಯ ಹಿಂದೆ, ಎದೆಯ ಬಳಿ ನೀರು ಹರಿದುಹೋಗುವ ಕಾಲುವೆಗಳನ್ನು ಕಣ್ಣಿಗೆ ಬೀಳದಂತೆ ಅಡಗಿಸಿಟ್ಟಿದ್ದಾರೆ. ಮೂರ್ತಿಗೆ ಹೊದಿಸಿದಂತೆ ಬಹುಮಹಡಿಯ ಮರದ ಮಂಟಪವೂ ಒಂದು ಕಾಲಕ್ಕೆ ಇತ್ತು. ಲಾಂಗ್‌ಮೆನ್‌ನ ಸುಣ್ಣಶಿಲೆಯ ಬೆಟ್ಟದಲ್ಲಿ 675ರಲ್ಲಿ ಮುಗಿದ ವೈರೋಚನ ಬುದ್ಧ ಸುಮಾರು 17 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಬೆಳಗೊಳದ ಗೊಮ್ಮಟನಷ್ಟೇ. ಅದೂ ಬೆಟ್ಟಕ್ಕೆ ಬೆನ್ನು ಕೊಟ್ಟೇ ಕುಳಿತಿದೆ. ಇವೆಲ್ಲ ಪದರಪದರವಾಗಿ ಶೇಖರಗೊಂಡ ಕಲ್ಲುಗಳು. ನದಿ ಕಡಿದಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುವುದು ಇವುಗಳ ಸ್ವಭಾವ. ಗೋಡೆ ಸಿಕ್ಕಿದವನು ಗೋಡೆಯೊಳಕ್ಕೆ ಕಡೆಯುತ್ತಾನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಅಂಥ ಗೋಡೆಯಿಲ್ಲ. ಇಲ್ಲಿನ ನೆಲದಡಿ ಇರುವುದು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ, ಅದರೊಳಕ್ಕೆ ಅಲ್ಲಲ್ಲಿ ನುಗ್ಗಿ ಗಟ್ಟಿಯಾದ ಕಣಶಿಲೆ. ಈ ಕಲ್ಲಿಗೆ ಶೇಖರಣೆಯ ಪದರವಿಲ್ಲ, ಬಿರುಕಿದೆ. ಅಡ್ಡ, ಉದ್ದ ಬಿದ್ದ ಬಿರುಕುಗಳಲ್ಲಿ ನೀರಿಳಿದು ಕಲ್ಲು ಕೊಳೆಯುತ್ತದೆ. ಮೂಲೆಗಳು ಮೊದಲು ಸವೆಯುತ್ತವೆ. ಮೇಲಿನ ಮಣ್ಣು ಕೊಚ್ಚಿಹೋದಾಗ ಉಳಿಯುವುದು ಈರುಳ್ಳಿಯ ಹಾಗೆ ಸಿಪ್ಪೆ ಸುಲಿದುಕೊಳ್ಳುವ ಬೋಳು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಬಂಡೆಗಳು. ಹಳೆಯ ಮೈಸೂರು ಸೀಮೆಯ ಯಾವ ದಿಕ್ಕಿಗೆ ನೋಡಿದರೂ ಕಾಣುವುದು ಇದೇ ನೋಟ. ಇಂಥ ಕಡೆ ಶಿಲ್ಪಿಗೆ ಸಿಗುವುದು ಬೆಟ್ಟದ ಮುಖವಲ್ಲ, ಬೆಟ್ಟದ ತಲೆ. ಅವನು ಒಳಕ್ಕೆ ಕೊರೆಯಬೇಕಿಲ್ಲ, ಸುತ್ತಲಿನದನ್ನು ತೆಗೆದುಹಾಕಬೇಕು. ಬೆಣೆ ಹೊಡೆದು ಬೇಡದ ಹೋಳುಗಳನ್ನು ಸೀಳಿ, ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಮೊದಲು ತಲೆ, ಆಮೇಲೆ ಹೆಗಲು, ಕೊನೆಗೆ ಪಾದ ಎಂದು ಬಿಡಿಸುತ್ತ ಬಂದರೆ ಉಳಿಯುವುದು ನಾಲ್ಕೂ ಕಡೆಯಿಂದ ನೋಡಬಹುದಾದ ದುಂಡುಶಿಲ್ಪ. ಅದರ ಬುಡ ಇನ್ನೂ ಗುಡ್ಡದ್ದೇ. ಪೀಠ ಬೇರೆ ಮಾಡಬೇಕಿಲ್ಲ, ಗುಡ್ಡವೇ ಪೀಠ.

ಈ ಬಗೆಯ ಅತಿ ದೊಡ್ಡ ಸಾಧನೆ ಶ್ರವಣಬೆಳಗೊಳದ್ದು. ಗಂಗ ದೊರೆ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ 981ರ ಸುಮಾರಿಗೆ ದೊಡ್ಡಬೆಟ್ಟದ ನೆತ್ತಿಯಲ್ಲಿ ಮಾಡಿಸಿದ ಸುಮಾರು 58 ಅಡಿಯ ಮೂರ್ತಿಯನ್ನು ಬಣ್ಣಿಸಿದವರು ಸಾವಿರಾರು ಮಂದಿ. ಅದರ ತೊಡೆಯಿಂದ ಮೇಲಿನ ಭಾಗಕ್ಕೆ ಯಾವ ಆಸರೆಯೂ ಇಲ್ಲ. ಕೆಳಗೆ ಕಾಲುಗಳ ಎರಡು ಬದಿಗೆ ಹುತ್ತಗಳಿವೆ, ಹುತ್ತದಿಂದ ಹಾವುಗಳು ಇಣುಕುತ್ತವೆ, ಕಾಲು ತೋಳುಗಳನ್ನು ಮಾಧವೀಲತೆ ಸುತ್ತಿದೆ. ಬಾಹುಬಲಿಯ ಕಥೆಯ ದೃಷ್ಟಿಯಿಂದ ಇದು ಅಲುಗಾಡದೆ ನಿಂತ ತಪಸ್ಸಿನ ಗುರುತು. ಕಲ್ಲುಕುಟಿಗನ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು: ಐವತ್ತು ಅಡಿಗೂ ಮಿಕ್ಕಿದ ಕಲ್ಲಿನ ದೇಹವನ್ನು ಎರಡು ಬಿಡಿ ಕಾಲುಗಳ ಮೇಲೆ ನಿಲ್ಲಿಸುವುದು ಅಪಾಯ, ಮೊಣಕಾಲಿನವರೆಗೆ, ತೊಡೆಯವರೆಗೆ ಬಂಡೆಯನ್ನು ಬಿಡಿಸದೆ ಉಳಿಸಿಕೊಂಡರೆ ಭಾರ ಹಂಚಿಹೋಗುತ್ತದೆ. ಉಳಿಸಿಕೊಂಡ ಆ ಬಂಡೆಯೇ ಹುತ್ತ. ಪುರಾಣ ಮತ್ತು ಭಾರದ ಲೆಕ್ಕ ಇಷ್ಟು ಸಲೀಸಾಗಿ ಒಂದಾದ ಶಿಲ್ಪ ಮತ್ತೊಂದು ಸಿಗುವುದು ಕಷ್ಟ. 12ನೇ ಶತಮಾನದ ಕವಿ ಬೊಪ್ಪಣ ಪಂಡಿತ ತನ್ನ ಶಾಸನದಲ್ಲಿ, ಬಹಳ ಎತ್ತರವಾದದ್ದರಲ್ಲಿ ಚೆಲುವು ಇರುವುದಿಲ್ಲ, ಎರಡೂ ಇದ್ದಲ್ಲಿ ಅತಿಶಯ ಇರುವುದಿಲ್ಲ, ಇಲ್ಲಿ ಮೂರೂ ಕೂಡಿವೆ ಎಂಬ ತರ್ಕ ಹೂಡಿದ್ದಾನೆ. ಗಾತ್ರವೊಂದನ್ನೇ ಹೊಗಳದೆ, ಗಾತ್ರ ತಂದೊಡ್ಡುವ ತೊಡಕನ್ನು ಗುರುತಿಸಿದ ಅವನ ಮಾತು ಕಲಾವಿಮರ್ಶೆಯ ಮಟ್ಟದ್ದು.

ಬಂಡೆಯೇ ರೂಪವನ್ನು ತೀರ್ಮಾನಿಸುತ್ತದೆ ಎಂಬ ವಾದವನ್ನು ಒರೆಗೆ ಹಚ್ಚುವ ದಾರಿ ಒಂದಿದೆ. ಮತ ಒಂದೇ ಇದ್ದು ಕಲ್ಲು ಬೇರೆಯಾದಾಗ ಏನಾಗುತ್ತದೆ, ಕಲ್ಲು ಒಂದೇ ಬಗೆಯದಾಗಿದ್ದು ಮತ ಬೇರೆಯಾದಾಗ ಏನಾಗುತ್ತದೆ ಎಂದು ನೋಡಬೇಕು. ಮೊದಲನೆಯದಕ್ಕೆ ಕರ್ನಾಟಕದೊಳಗೇ ಸಾಕ್ಷಿಯಿದೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಇದೇ ಬಾಹುಬಲಿ, ಇದೇ ಭಂಗಿಯಲ್ಲಿ, ಇದೇ ಬಳ್ಳಿ ಹಾವುಗಳೊಂದಿಗೆ ಇದ್ದಾನೆ. ಆದರೆ ಅಲ್ಲಿನದು ಕೆಂಪು ಮರಳುಗಲ್ಲಿನ ಗೋಡೆ, ಹಾಗಾಗಿ ಅವನು ಗೋಡೆಯ ಉಬ್ಬುಶಿಲ್ಪ. ಇನ್ನೂ ಬಲವಾದ ಸಾಕ್ಷಿ ಗ್ವಾಲಿಯರ್ ಕೋಟೆಯದು. 15ನೇ ಶತಮಾನದಲ್ಲಿ ತೋಮರ ದೊರೆಗಳಾದ ಡೂಂಗರ ಸಿಂಹ ಮತ್ತು ಕೀರ್ತಿ ಸಿಂಹರ ಕಾಲದಲ್ಲಿ ಅಲ್ಲಿನ ಮರಳುಗಲ್ಲಿನ ಕಡಿದಾದ ಬದಿಗಳಲ್ಲಿ ತೀರ್ಥಂಕರರ ಸಾಲುಸಾಲು ಮೂರ್ತಿಗಳನ್ನು ಕಡೆದರು. ಅವುಗಳಲ್ಲಿ ಅತಿ ಎತ್ತರದ ಆದಿನಾಥ 57 ಅಡಿ, ಬೆಳಗೊಳಕ್ಕೆ ಒಂದೇ ಅಡಿ ಕಡಿಮೆ. ಮತ ಅದೇ, ದಿಗಂಬರ ಆಕಾರ ಅದೇ, ಎತ್ತರ ಅದೇ. ಆದರೂ ಮೂರ್ತಿ ನಿಂತಿರುವುದು ಬಾಮಿಯಾನಿನ ಹಾಗೆ ಗೂಡಿನೊಳಗೆ. 1528ರಲ್ಲಿ ಬಾಬರ್ ಇವನ್ನು ಕಂಡು ವಿರೂಪಗೊಳಿಸಲು ಆಜ್ಞೆಯಿತ್ತದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಎರಡನೆಯದಕ್ಕೆ ಶ್ರೀಲಂಕೆಗೆ ಹೋಗಬೇಕು. ಅಲ್ಲಿನ ನೆಲವೂ ನಮ್ಮ ದಕ್ಷಿಣದಂತೆಯೇ ಹಳೆಯ ಗಡಸು ಶಿಲೆಯದು. ಧಾತುಸೇನ ದೊರೆಯ ಹೆಸರಿನೊಂದಿಗೆ, 5ನೇ ಶತಮಾನಕ್ಕೆ ಸೇರಿಸಿ ಹೇಳುವ ಅವುಕನ ಬುದ್ಧ ಸುಮಾರು 12 ಮೀಟರ್ ಎತ್ತರದ ನಿಂತ ಮೂರ್ತಿ. ಅದನ್ನು ಬಂಡೆಯಿಂದ ಎಷ್ಟು ಬಿಡಿಸಿದ್ದಾರೆಂದರೆ ಬೆನ್ನ ಹಿಂದೆ ಒಂದು ಕಿರಿದಾದ ಪಟ್ಟಿಯಷ್ಟೇ ಅದನ್ನು ಬೆಟ್ಟಕ್ಕೆ ಹಿಡಿದಿಟ್ಟಿದೆ. ಮುಂದಿನಿಂದ ನೋಡಿದವರಿಗೆ ಅದು ಬಾಮಿಯಾನಿನ ಬಂಧುವಿಗಿಂತ ಬೆಳಗೊಳದ ಬಂಧುವಾಗಿ ಕಾಣುತ್ತದೆ: ನೆಟ್ಟಗೆ ನಿಂತ ದೇಹ, ಅಗಲ ಹೆಗಲು, ಸಮಚಿತ್ತದ ಮುಖ. ಮೂರನೆಯ ಮತದ ಸಾಕ್ಷಿ ಬೇಕೆಂದರೆ ಚಾಮುಂಡಿಬೆಟ್ಟದ ನಂದಿ ಇದ್ದಾನೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಬೆಟ್ಟದ ಮೇಲಿನ ಒಂದೇ ಬಂಡೆಯಲ್ಲಿ ಮಾಡಿಸಿದ್ದು ಅದು. ಜೈನ ಗೊಮ್ಮಟ, ಬೌದ್ಧ ಅವುಕನ, ಶೈವ ನಂದಿ: ಮತ ಮೂರು, ಕಲ್ಲಿನ ಜಾತಿ ಒಂದು, ಬಿಡಿಸಿ ನಿಲ್ಲಿಸುವ ಹಂಬಲವೂ ಒಂದು.

ಇದಕ್ಕೆ ತಕರಾರು ಬರದಿರುವುದಿಲ್ಲ. ಮಧ್ಯಪ್ರದೇಶದ ಬಡವಾನಿ ಬಳಿಯ ಬಾವನಗಜದಲ್ಲಿ 84 ಅಡಿಯ ಆದಿನಾಥ ಇದ್ದಾನೆ. ಅಲ್ಲಿನದು ಗಡಸಾದ ಬಸಾಲ್ಟ್, ಆದರೂ ಮೂರ್ತಿ ಬೆಟ್ಟಕ್ಕೆ ಅಂಟಿಕೊಂಡೇ ಇದೆ. ಶ್ರೀಲಂಕೆಯ ಬುದುರುವಗಲದಲ್ಲಿ ಸುಮಾರು 51 ಅಡಿಯ ಬುದ್ಧನನ್ನು ಗಡಸು ಬಂಡೆಯ ಮೇಲೆ ಉಬ್ಬುಶಿಲ್ಪವಾಗಿಯೇ ಬಿಟ್ಟು, ಬಾಮಿಯಾನಿನ ಹಾಗೆ ಗಾರೆ ಮೆತ್ತಿ ಬಣ್ಣ ಬಳಿದ ಗುರುತುಗಳಿವೆ. ಹಾಗಾದರೆ ಗಡಸು ಕಲ್ಲಾದರೆ ದುಂಡುಶಿಲ್ಪ ಎಂಬ ಸೂತ್ರ ಮುರಿದುಬೀಳುವುದಿಲ್ಲವೇ? ಸೂತ್ರ ಗಡಸುತನದ್ದಾಗಿದ್ದರೆ ಮುರಿಯುತ್ತಿತ್ತು. ವಾದ ಇರುವುದು ಕಲ್ಲು ಎಷ್ಟು ಗಡಸು ಎಂಬುದರ ಮೇಲೆ ಮಾತ್ರವಲ್ಲ, ಅದು ಯಾವ ಆಕಾರದಲ್ಲಿ ನಿಂತಿದೆ ಎಂಬುದರ ಮೇಲೆ. ಬಾವನಗಜದ ಲಾವಾಶಿಲೆ ಹರಿದು ಹೆಪ್ಪುಗಟ್ಟಿ ಮಜಲುಮಜಲಾಗಿ ನಿಂತದ್ದು, ಅಲ್ಲಿ ಗೋಡೆಯುಂಟು. ಬುದುರುವಗಲದಲ್ಲಿ ಅಗಲವಾದ ಬಂಡೆಯ ಮೋರೆ ಉಂಟು, ಅಲ್ಲಿ ಬುದ್ಧನ ಎರಡೂ ಬದಿಗೆ ಪರಿವಾರದ ಮೂರ್ತಿಗಳನ್ನು ಸಾಲಾಗಿ ಕಡೆಯುವ ಅವಕಾಶವೂ ಉಂಟು. ಗುಂಡುಬಂಡೆಗೆ ಆ ಅವಕಾಶವಿಲ್ಲ. ಅದು ಒಬ್ಬನಿಗಷ್ಟೇ ಜಾಗ ಕೊಡುತ್ತದೆ. ಒಂಟಿಯಾಗಿ ನಿಂತು ತಪಸ್ಸು ಮಾಡಿದವನ ಕಥೆ ಒಂಟಿ ಬಂಡೆಯ ನಾಡಿನಲ್ಲಿ ಇಷ್ಟು ಚೆನ್ನಾಗಿ ಬೇರೂರಿದ್ದರಲ್ಲಿ ಕಲ್ಲಿನ ಪಾಲು ಇದೆ ಎಂದರೆ ಅತಿಶಯೋಕ್ತಿಯಾಗದು.

ಜೈನ ವಿದ್ವಾಂಸರಿಂದ ಬರಬಹುದಾದ ಆಕ್ಷೇಪ ಇದಕ್ಕಿಂತ ಗಹನವಾದದ್ದು. ಆದಿನಾಥನ ಮಗ ಬಾಹುಬಲಿ ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟು, ಕಾಡಿನಲ್ಲಿ ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಹಂಗು ತೊರೆದ ಧ್ಯಾನದಲ್ಲಿ, ನಿಂತವನು. ಮಳೆ ಬಿಸಿಲು ಅವನ ಮೇಲೆ ಬೀಳಬೇಕು, ಹುತ್ತ ಬಳ್ಳಿ ಅವನನ್ನು ಮುಚ್ಚಬೇಕು. ಮೂರ್ತಿ ಬಯಲಲ್ಲಿರುವುದು ಧರ್ಮದ ಆಶಯ, ಕಲ್ಲಿನ ಅನಿವಾರ್ಯವಲ್ಲ ಎನ್ನಬಹುದು. ಆಶಯವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅದೇ ಆಶಯವುಳ್ಳವರು ಬಾದಾಮಿಯಲ್ಲಿ, ಐಹೊಳೆಯಲ್ಲಿ, ಎಲ್ಲೋರದ ಜೈನ ಗುಹೆಗಳಲ್ಲಿ ಬಾಹುಬಲಿಯನ್ನು ಮಾಡಿನ ಕೆಳಗೆ, ಗೋಡೆಗೆ ಅಂಟಿಸಿಯೇ ಕಡೆದರು. ಯಾರಿಗೂ ಅದು ಅಪಚಾರ ಅನ್ನಿಸಲಿಲ್ಲ. ಧರ್ಮ ಎರಡಕ್ಕೂ ಒಪ್ಪುತ್ತಿತ್ತು. ಎರಡರಲ್ಲಿ ಯಾವುದು ಎಂಬುದನ್ನು ಆಯಾ ಊರಿನ ಬಂಡೆ ಹೇಳಿತು. ದಿಗಂಬರ ದೇಹಕ್ಕೆ ಬಟ್ಟೆಯ ನೆರಿಗೆ, ಒಡವೆ, ಕಿರೀಟಗಳ ಗೊಡವೆಯಿಲ್ಲ ಎಂಬುದೂ ಇಲ್ಲಿ ನೆರವಿಗೆ ಬಂದಿರಬೇಕು. ಬಳಪದ ಕಲ್ಲಿನಲ್ಲಿ ಹೊಯ್ಸಳರು ಮಾಡಿದ ಕುಸುರಿ ಕೆಲಸವನ್ನು ಕಣಶಿಲೆ ಸಹಿಸುವುದಿಲ್ಲ. ಉಳಿಯ ಏಟಿಗೆ ಅದು ಹಕ್ಕಳೆಯಾಗಿ ಹಾರುತ್ತದೆ. ವಿಶಾಲವಾದ ನುಣುಪು ಮೈ ಅದಕ್ಕೆ ಒಗ್ಗುವ ಭಾಷೆ. ಅವುಕನದ ಶಿಲ್ಪಿ ಚೀವರದ (ಭಿಕ್ಷುವಿನ ಬಟ್ಟೆಯ) ನೆರಿಗೆಗಳನ್ನು ಕಡೆದಿದ್ದಾನಲ್ಲ ಎಂದರೆ, ಹೌದು, ಕಡೆದಿದ್ದಾನೆ. ಆದರೆ ಅವು ಮೈಗಂಟಿದ ತೆಳುವಾದ ಗೀರುಗಳು, ಬಾಮಿಯಾನಿನ ಹಗ್ಗದ ನೆರಿಗೆಗಳಲ್ಲ.

ಇನ್ನು ಕಾಲದ ಭಾಗ. ಕನ್ನಡ ನಾಡಿಗೆ ಬೌದ್ಧಧರ್ಮ ಹೊಸದಲ್ಲ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳಗಳಲ್ಲಿ ಅಶೋಕನ ಶಾಸನಗಳಿವೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊರೆತ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಅವನ ಶಿಲ್ಪವೇ ಸಿಕ್ಕಿತು. ಆದರೆ ಆ ಸ್ತೂಪದ ಕೆಲಸ ಸುಣ್ಣಶಿಲೆಯ ಚಪ್ಪಡಿಗಳದು, ಕ್ರಿಸ್ತಶಕದ ಆರಂಭದ ಆಸುಪಾಸಿನ ಶತಮಾನಗಳದು; ಬುದ್ಧನನ್ನು ಆಳೆತ್ತರಕ್ಕೆ ಎಷ್ಟೋ ಮಡಿ ಮೀರಿಸಿ ಕಡೆಯುವ ರೂಢಿ ಏಷ್ಯಾದಲ್ಲಿ ಬಲಗೊಂಡದ್ದು ಅದರ ಎರಡು ಮೂರು ಶತಮಾನಗಳ ನಂತರ. ಆ ಹೊತ್ತಿಗೆ ಇಲ್ಲಿ ಬೌದ್ಧರ ಕೈಯಲ್ಲಿ ಉಳಿದದ್ದು ಐಹೊಳೆಯ ಎರಡಂತಸ್ತಿನ ಚೈತ್ಯದಂಥ ಮಧ್ಯಮ ಗಾತ್ರದ ಕಟ್ಟಡಗಳು. ಮುಂದೆ ಮಂಗಳೂರಿನ ಕದ್ರಿಯಲ್ಲಿ 968ರ ಸುಂದರವಾದ ಕಂಚಿನ ಲೋಕೇಶ್ವರ, 1095ರ ಶಾಸನ ಹೇಳುವ ಡಂಬಳದ ತಾರಾ ವಿಹಾರ, ಬಳ್ಳಿಗಾವಿಯ ತಾರಾ ಮೂರ್ತಿ ಬಂದವು. ಕದ್ರಿಯ ಕಂಚಿಗೂ ಬೆಳಗೊಳದ ಬಂಡೆಗೂ ನಡುವಿನ ಅಂತರ ಬರಿಯ 13 ವರ್ಷ ಎಂಬುದನ್ನು ಗಮನಿಸಬೇಕು. ಬೌದ್ಧರನ್ನು ಕಲೆ ಕೈಬಿಟ್ಟಿರಲಿಲ್ಲ; ಗುಡ್ಡವನ್ನೇ ಕಡೆಸಬಲ್ಲ ಸೇನಾಪತಿಗಳು, ವರ್ತಕ ಸಂಘಗಳು, ದತ್ತಿ ಬಿಟ್ಟ ಹಳ್ಳಿಗಳು ಜೈನರ ಪಾಲಿಗಿದ್ದವು.

ಈ ಪೋಷಣೆಯ ಜಾಲ ಗೊಮ್ಮಟಗಿರಿಯ ಸುತ್ತಲೇ ಹರಡಿತ್ತು. ಕೆ.ಆರ್. ನಗರ ಸೀಮೆಯ ಚಿಕ್ಕಹನಸೋಗೆ ಕಾವೇರಿಯ ಬಳಿಯ ಪುರಾತನ ಜೈನ ಕೇಂದ್ರ. ಅಲ್ಲಿನ ತ್ರಿಕೂಟ ಬಸದಿಗೆ 11ನೇ ಶತಮಾನದಲ್ಲಿ ಚಂಗಾಳ್ವ ದೊರೆಗಳ ಆಶ್ರಯವಿತ್ತು. ಈ ಊರಿನ ಹೆಸರನ್ನೇ ಹೊತ್ತ, ದೇಶೀಗಣವೆಂಬ ಜೈನ ಮುನಿಸಂಘದ ಪನಸೋಗೆ ಗುರುಪರಂಪರೆ ದೂರದೂರಕ್ಕೆ ಹಬ್ಬಿತು. 1432ರಲ್ಲಿ ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಪನಸೋಗೆಯ ಪರಂಪರೆಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ ಎಂದು ಅಲ್ಲಿನ ಶಾಸನ ಹೇಳುತ್ತದೆ. ಕರಾವಳಿಯ ಆ ಮಹಾಮೂರ್ತಿಯ ಬೇರು ಕೆ.ಆರ್. ನಗರದ ಒಂದು ಹಳ್ಳಿಯಲ್ಲಿದೆ ಎಂಬುದು ಸ್ಥಳೀಯ ಇತಿಹಾಸದ ಪಾಠಗಳಲ್ಲಿ ಸೇರಬೇಕಾದ ಸಂಗತಿ. 16ನೇ ಶತಮಾನದ ಆರಂಭದಲ್ಲಿ ಹುಣಸೂರಿನ ಬಳಿಯ ಕಲ್ಲಹಳ್ಳಿಯ ಪಾಳೆಯಗಾರ ಮನೆತನದಲ್ಲಿ ಮೂರನೆಯ ಮಂಗರಸನಂಥ ಜೈನ ಕವಿ ಬಾಳಿದ. ಚಂಗಾಳ್ವರು ಶೈವದ ಕಡೆಗೆ ವಾಲಿದ ಮೇಲೂ ಈ ನೆಲದಲ್ಲಿ ಜೈನರ ಒಡೆತನ, ವಿದ್ಯೆ ಉಳಿದಿದ್ದವು ಎಂಬುದಕ್ಕೆ ಆತನ ಕೃತಿಗಳೇ ಆಧಾರ. ಇಂಥ ಸೀಮೆಯಲ್ಲಿ ಒಂದು ಗುಡ್ಡದ ತಲೆ ಗೊಮ್ಮಟನಾದದ್ದು ಎಲ್ಲಿಂದಲೋ ಬಂದ ಅನುಕರಣೆಯಲ್ಲ. ಕೃಷ್ಣರಾಜಸಾಗರದ ಆಚೆಯ ಬಸ್ತಿ ಹೊಸಕೋಟೆಯಲ್ಲೂ, ಮದ್ದೂರು ಕಡೆಯ ಆರೆತಿಪ್ಪೂರಿನಲ್ಲೂ ಗೊಮ್ಮಟರಿದ್ದಾರೆ. ಬೆಳಗೊಳ ಇವರೆಲ್ಲರ ಹಿರಿಯ, ಅಷ್ಟೇ.

ಕಾರ್ಕಳದ ಮಾತು ಬಂದಾಗ ಇನ್ನೊಂದು ತೊಡಕನ್ನು ಬಿಡಿಸಬೇಕು. ಅಲ್ಲಿನ ಮೂರ್ತಿಯನ್ನು ಬೇರೆಡೆ ಕಡೆದು ಬೆಟ್ಟದ ಮೇಲಕ್ಕೆ ಸಾಗಿಸಿದರೆಂದು ಪರಂಪರೆ ಹೇಳುತ್ತದೆ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿಯೂ ಹಾಗೆಯೇ ಬಂದದ್ದು. ನಮ್ಮ ಕಾಲದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ ಧರ್ಮಸ್ಥಳಕ್ಕೆ ಸಾಗಿ 1982ರಲ್ಲಿ ಪ್ರತಿಷ್ಠೆಗೊಂಡಿತು. ಕರಾವಳಿಯ ನೆಲದ ಬಹುಪಾಲು ಮುರಕಲ್ಲು, ಅಂದರೆ ಕೆಂಪುಕಲ್ಲು. ಅದರಲ್ಲಿ ಗೊಮ್ಮಟನ ಮೈ ಮೂಡದು. ಬೇಕಾದ ಜಾಗದಲ್ಲಿ ಬೇಕಾದ ಬಂಡೆ ಇಲ್ಲದ ಕಡೆ ಬಂಡೆ ಪ್ರಯಾಣ ಮಾಡಿತು. ಒಂದು ಸಲ ಬೆಳಗೊಳದಲ್ಲಿ ರೂಪ ಖಚಿತವಾದ ಮೇಲೆ ಆ ರೂಪ ಕಲ್ಲಿನ ಹಂಗು ಬಿಟ್ಟು ನಡೆಯಬಲ್ಲದು ಎಂಬುದನ್ನು ಒಪ್ಪಬೇಕು. ಹುಟ್ಟಿಸಿದ್ದು ಬಂಡೆ, ಬೆಳೆಸಿದ್ದು ಪರಂಪರೆ. ಗೊಮ್ಮಟಗಿರಿ ಇವೆರಡರ ನಡುವಿನದು: ಪರಂಪರೆ ರೂಪವನ್ನು ಕೊಟ್ಟಿತ್ತು, ಬಂಡೆ ಅಳತೆಯನ್ನು ಕೊಟ್ಟಿತು. ಹದಿನೆಂಟು ಅಡಿ ಎಂಥ ಮಹಾಮೂರ್ತಿ ಎಂದು ಮೂಗು ಮುರಿಯುವವರು ಇದನ್ನು ನೆನೆಯಬೇಕು. ಗುಂಡುಬಂಡೆಯಲ್ಲಿ ಕಡೆಯುವವನಿಗೆ ಗರಿಷ್ಠ ಎತ್ತರವನ್ನು ನಿಗದಿಮಾಡುವುದು ಬಂಡೆ. ಆ ಗರಿಷ್ಠಕ್ಕೆ ಎಷ್ಟು ಹತ್ತಿರ ಹೋಗಬಹುದು ಎಂಬುದನ್ನಷ್ಟೇ ದಾನಿಯ ಹಣ ನಿಗದಿಮಾಡುತ್ತದೆ. ಅಲ್ಲದೆ ಈ ಮೂರ್ತಿಯ ಎತ್ತರವನ್ನು ಪಾದದಿಂದ ಅಳೆಯುವುದು ತಪ್ಪು ಲೆಕ್ಕ. ಬೋಳು ಬಂಡೆಯ ಮೆಟ್ಟಿಲು ಹತ್ತಿ ಬರುವವನ ಕಣ್ಣಿಗೆ ಗುಡ್ಡ ಮತ್ತು ಮೂರ್ತಿ ಒಂದೇ ರೇಖೆಯಾಗಿ ಮೇಲೇಳುತ್ತವೆ.

ಹಾದಿಯ ಇನ್ನೊಂದು ತುದಿಯ ಬೈಲಕುಪ್ಪೆ ಈ ವಾದಕ್ಕೆ ಬೇರೆಯೇ ಬಗೆಯ ಪುಷ್ಟಿ ಕೊಡುತ್ತದೆ. ನಾಡು ಬಿಟ್ಟು ಬಂದ ಟಿಬೆಟನ್ನರಿಗೆ 1960ರಲ್ಲಿ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಕಾಡುನೆಲದಲ್ಲಿ ಸುಮಾರು 3000 ಎಕರೆ ಕೊಟ್ಟು ನೆಲೆ ಮಾಡಿಸಿತು. 1963ರಲ್ಲಿ ಪೆನೋರ್ ರಿನ್‌ಪೋಚೆ ಅವರು ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಅದರ ಚಿನ್ನದ ದೇವಾಲಯವೆಂದು ಹೆಸರಾದ ಮಂದಿರ 1999ರಲ್ಲಿ ಮುಗಿಯಿತು. ಅದರೊಳಗೆ ನಡುವೆ ಶಾಕ್ಯಮುನಿ ಬುದ್ಧ, ಅಕ್ಕಪಕ್ಕದಲ್ಲಿ ಗುರು ಪದ್ಮಸಂಭವ ಮತ್ತು ಅಮಿತಾಯು. ನಡುವಿನ ಮೂರ್ತಿ 60 ಅಡಿ ಎಂದು ಅಲ್ಲಿನ ಫಲಕ ತಿಳಿಸುತ್ತದೆ. ತಾಮ್ರದ ತಗಡಿಗೆ ಚಿನ್ನದ ಲೇಪ; ಟೊಳ್ಳಾದ ಒಡಲಿನಲ್ಲಿ ಧರ್ಮಗ್ರಂಥಗಳು, ಧಾತುಗಳು, ಪುಟ್ಟ ಸ್ತೂಪಗಳು. ಬೆಳಗೊಳವನ್ನು ಮೀರಿಸುವ ಎತ್ತರವಿದ್ದರೂ ಈ ಮೂರ್ತಿಗಳು ಬಂಡೆಯ ಸಹವಾಸಕ್ಕೇ ಹೋಗಿಲ್ಲ. ವಲಸೆ ಬಂದ ಸಮುದಾಯ ಜೊತೆಗೆ ತಂದದ್ದು ಶಾಸ್ತ್ರದ ಅಳತೆ ಮತ್ತು ಕೈಕಸುಬು. ಬೆಟ್ಟವನ್ನು ಯಾರೂ ಹೊತ್ತು ತರಲಾರರು. ಕನ್ನಡ ನಾಡಿನ ಮೊದಲ ಬೃಹತ್ ಬುದ್ಧರಲ್ಲಿ ಒಬ್ಬ ಹೀಗೆ ಲೋಹದಲ್ಲಿ, ಮಾಡಿನ ಕೆಳಗೆ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಂದ. ಒಳಗೆ ತುಂಬಿದ ಟೊಳ್ಳು ಮೂರ್ತಿಗೂ ಹೊರಗಿನದನ್ನು ಕಳೆದ ಗಟ್ಟಿ ಮೂರ್ತಿಗೂ ಇರುವ ವ್ಯತ್ಯಾಸವನ್ನು ಸುಮಾರು 60 ಕಿಲೋಮೀಟರಿನ ಹಾದಿಯಲ್ಲಿ ನೋಡಲು ಸಿಗುವುದು ಅಪರೂಪ.

ಬಂಡೆಯೇ ಮೂರ್ತಿ ಎಂಬ ಮಾತಿಗೆ ಒಂದು ವ್ಯಾವಹಾರಿಕ ಪರಿಣಾಮವೂ ಇದೆ. 2001ರ ಮಾರ್ಚ್‌ನಲ್ಲಿ ತಾಲಿಬಾನ್ ಬಾಮಿಯಾನಿನ ಬುದ್ಧರನ್ನು ಸಿಡಿಮದ್ದಿಟ್ಟು ಕೆಡವಿತು. ಆದರೂ ಬೆಟ್ಟದ ಗೋಡೆಯಲ್ಲಿ ಎರಡು ಭಾರಿ ಗೂಡುಗಳು ಉಳಿದಿವೆ; 2003ರಲ್ಲಿ ಯುನೆಸ್ಕೋ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಮೂರ್ತಿಯ ಅಳತೆ ಇಂದಿಗೂ ಖಾಲಿ ಗೂಡಿನಿಂದ ತಿಳಿಯುತ್ತದೆ. ಗುಡ್ಡದ ತಲೆಯಲ್ಲಿ ಬಿಡಿಸಿದ ಮೂರ್ತಿಗೆ ಅಂಥ ಗೂಡಿಲ್ಲ. ಅದರ ಬುಡದ ಬಂಡೆ ಸಡಿಲಗೊಂಡರೆ ಉಳಿಯುವುದು ಏನೂ ಇಲ್ಲ. ಗೊಮ್ಮಟಗಿರಿಯ ಆಸುಪಾಸಿನ ಕಲ್ಲು ಗಣಿಗಾರಿಕೆಯಿಂದ ಮೂರ್ತಿಗೆ ಅಪಾಯ ಎಂಬ ದೂರುಗಳು ಹಿಂದೆ ಎದ್ದದ್ದುಂಟು. ಕಲ್ಲು ಗಣಿಯವರಿಗೆ ಬೇಕಾದ ಕಲ್ಲೂ, ಶಿಲ್ಪಿಗೆ ಬೇಕಾಗಿದ್ದ ಕಲ್ಲೂ ಒಂದೇ ಆದ್ದರಿಂದ ಈ ಜಗಳ ತಪ್ಪಿದ್ದಲ್ಲ. ಸಿಡಿತದ ಅದುರು ಹರಿಯುವುದು ಬಿರುಕುಗಳಿರುವ ಆ ಬಂಡೆಯ ಮೂಲಕವೇ. ಕೃಷ್ಣರಾಜಸಾಗರ ಅಣೆಕಟ್ಟೆಯ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ಸುತ್ತಲಿನ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಹಿಡಿದದ್ದು ಇದೇ ಅದುರಿನ ಭಯದಿಂದ. ಅಣೆಕಟ್ಟೆಯಲ್ಲಿ ಬಿರುಕು ಬಿಟ್ಟರೆ ಇಂಜಿನಿಯರುಗಳು ದುರಸ್ತಿಗೆ ಬರುತ್ತಾರೆ. ಏಳು ಶತಮಾನದ ಮೂರ್ತಿಯ ಕಣಕಾಲಿನಲ್ಲಿ ಬಿರುಕು ಬಿಟ್ಟರೆ ದುರಸ್ತಿ ಎಂಬುದಿಲ್ಲ. ಆದ್ದರಿಂದ ಇಲ್ಲಿ ರಕ್ಷಣೆಯ ಗಡಿಯನ್ನು ಮೂರ್ತಿಯ ಸುತ್ತಲಿನ ಕಟಕಟೆಗೆ ನಿಲ್ಲಿಸದೆ, ಇಡೀ ಗುಡ್ಡವನ್ನೂ ಅದರೊಂದಿಗೆ ನೆಲದಡಿಯಲ್ಲಿ ಹೊಂದಿಕೊಂಡಿರುವ ಸುತ್ತಲಿನ ಬಂಡೆಯನ್ನೂ ಸೇರಿಸಿ ಗುರುತಿಸಬೇಕು. ಆ ಗಡಿಯೊಳಗೆ ಸಿಡಿಮದ್ದಿನ ಬಳಕೆಗೆ ಜಿಲ್ಲಾಡಳಿತ ಯಾವ ಹೆಸರಿನಲ್ಲೂ ಪರವಾನಗಿ ಕೊಡಬಾರದು.